ಗರೀಬನ ಒಂದು ವರ್ಷ

ಶಹಾಪುರ ತಾಲೂಕಿನ ಗೋಗಿಯಲ್ಲಿ ಸೂಫಿ ಸಂತ ಚಂದಾ ಹುಸೇನಿಯವರ ದರ್ಗಾ ಇದೆ. ಅದರ ಆವರಣದಲ್ಲೇ ವಿಜಾಪುರದ ಆದಿಲಶಾಹಿ ಮನೆತನದ ಮೊದಲ ನಾಲ್ವರು ಅರಸರ ಗೋರಿಗಳಿವೆ. ಗೋಳಗುಮ್ಮಟವನ್ನು ನೋಡಿ ಬಂದ ಕಣ್ಣಿಗೆ ಇವು ಬಡವಾಗಿ ಕಾಣುತ್ತವೆ. ಆದರೆ ಗೋಳಗುಮ್ಮಟ ಕಟ್ಟಿಸಿದವನ ವಂಶದ ಮೂಲಪುರುಷ ಯೂಸುಫ್ ಆದಿಲಶಾಹ 1510ರಲ್ಲಿ ತೀರಿಕೊಂಡಾಗ ಅವನನ್ನು ಮಣ್ಣು ಮಾಡಿದ್ದು ಇಲ್ಲಿ, ತನ್ನ ರಾಜಧಾನಿಯಲ್ಲಲ್ಲ.

ಯೂಸುಫ್ ಈ ನಾಡಿನವನಲ್ಲ. ಅವನು ತುರ್ಕಿಯ ರಾಜಕುಮಾರನೆಂದೂ, ಪ್ರಾಣ ಉಳಿಸಲು ತಾಯಿ ಅವನನ್ನು ಪರ್ಷಿಯಾದ ಸಾವಾ ಎಂಬ ಊರಿಗೆ ಗುಟ್ಟಾಗಿ ಕಳಿಸಿದಳೆಂದೂ ಚರಿತ್ರೆಕಾರ ಫಿರಿಶ್ತಾ ಬರೆದಿದ್ದಾನೆ. ರಾಜಕುಮಾರನ ಕಥೆಯನ್ನು ಇತಿಹಾಸಕಾರರು ಅಷ್ಟಾಗಿ ನಂಬುವುದಿಲ್ಲ. ಸಾವಾದ ನಂಟು ಮಾತ್ರ ಉಳಿದುಕೊಂಡಿತು. ಗೋವೆಗೆ ಬಂದ ಪೋರ್ಚುಗೀಜರು ಅವನನ್ನು ‘ಸಬಾಯೋ’ ಎಂದೇ ಕರೆದರು.

ಯೂಸುಫನಂತೆ ಸಮುದ್ರ ದಾಟಿ ಬೀದರಿನ ಬಹಮನಿ ಆಸ್ಥಾನಕ್ಕೆ ಬಂದವರಿಗೆ ಇದ್ದ ಹೆಸರು ‘ಆಫಾಕಿ’ ಅಥವಾ ‘ಘರೀಬ್’. ಅರಬ್ಬಿಯಲ್ಲಿ ಘರೀಬ್ ಎಂದರೆ ಪರಸ್ಥಳದವನು, ಅಪರಿಚಿತ. ಆ ಮಾತೇ ಸವೆದು ನಮ್ಮ ಕಡೆ ‘ಗರೀಬ’ ಆಗಿದೆ, ಅರ್ಥ ಬಡವ. ಪರಊರಿಗೆ ಹೋದವನು ಮೊದಲು ಅಪರಿಚಿತ, ಆಮೇಲೆ ಬಡವ ಎಂಬುದನ್ನು ಭಾಷೆಯೇ ಕಂಡುಕೊಂಡಂತಿದೆ. ಇಂದು ಈ ಭಾಗದಿಂದ ಹೈದರಾಬಾದಿಗೆ ಹೋಗಿ, ಅಲ್ಲಿಂದ ವಿಮಾನ ಹತ್ತಿ ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದಕ್ಕೆ ಒಂದು ವರ್ಷ ಓದಲು ಹೋಗುವ ಹುಡುಗನೋ ಹುಡುಗಿಯೋ ಎರಡೂ ಅರ್ಥದಲ್ಲಿ ಗರೀಬರೇ. ಆ ಒಂದು ವರ್ಷವನ್ನು ಹೇಗೆ ದುಡಿಸಿಕೊಳ್ಳಬೇಕೆಂಬುದಕ್ಕೆ ಏಜೆಂಟರ ಬಳಿ ಬಣ್ಣಬಣ್ಣದ ಪುಸ್ತಿಕೆಗಳಿವೆ. ಆದರೆ ಕನ್ನಡ ನಾಡಿನಿಂದ ಹಾಗೆ ಹೋಗಿ ಬಂದವರ ಬದುಕೇ ಅವಕ್ಕಿಂತ ಹೆಚ್ಚು ಹೇಳುತ್ತದೆ.

ಮೊದಲು ಲೆಕ್ಕ. ಬ್ರಿಟನ್ನಿನ ಹೆಚ್ಚಿನ ಸ್ನಾತಕೋತ್ತರ ಪದವಿಗಳು ಒಂದೇ ವರ್ಷದವು. ಸೆಪ್ಟೆಂಬರ್ ಕೊನೆಯಲ್ಲಿ ಪಾಠ ಶುರುವಾದರೆ ಡಿಸೆಂಬರ್ ನಡುವಿಗೆ ಮೊದಲ ಅವಧಿ ಮುಗಿಯುತ್ತದೆ. ವಸಂತ ಬರುವ ಹೊತ್ತಿಗೆ ಪ್ರಬಂಧದ ವಿಷಯ ಗೊತ್ತಾಗಿರಬೇಕು; ಬೇಸಿಗೆಯೆಲ್ಲ ಅದನ್ನು ಬರೆಯುವುದಕ್ಕೆ. ಅಕ್ಕಿ ಎಲ್ಲಿ ಅಗ್ಗ, ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ತಿಳಿಯುವಷ್ಟರಲ್ಲಿ ಕಾಲು ವರ್ಷ ಹೋಗಿರುತ್ತದೆ. ಆದ್ದರಿಂದ ತಿಳಿದವರು ಓದಿನ ಪಟ್ಟಿಯನ್ನು ಊರಿನಲ್ಲೇ ತರಿಸಿಕೊಂಡು, ನಾಲ್ಕಾರು ಪುಸ್ತಕಗಳನ್ನಾದರೂ ಹೊರಡುವ ಮೊದಲೇ ಓದಿ ಮುಗಿಸುತ್ತಾರೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡಲು ತಾಯಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಿಂಗಳುಗಟ್ಟಲೆ ಕೆಡದ ಆ ಬುತ್ತಿ ದೂರದ ಪ್ರಯಾಣಕ್ಕೆಂದೇ ಹುಟ್ಟಿದಂತಿದೆ. ಪುಸ್ತಕದ ಬುತ್ತಿಯನ್ನು ಮಾತ್ರ ವಿದ್ಯಾರ್ಥಿಯೇ ಕಟ್ಟಿಕೊಳ್ಳಬೇಕು.

ಹೊರಡುವ ಮುನ್ನಿನ ದಿನಗಳೂ ಆ ವರ್ಷಕ್ಕೇ ಸೇರಿದವು. ಧಾರವಾಡದಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿದ ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನ ಪಡೆದು 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಟಾಗ ಅವರಿಗಿದ್ದ ಕನಸು ಇಂಗ್ಲಿಷ್ ಕವಿಯಾಗುವುದು. ಮನೆಯಲ್ಲಿ ಆತಂಕ: ಮಗ ಮರಳಿ ಬರುತ್ತಾನೋ ಇಲ್ಲವೋ. ಮನಸ್ಸು ಹೀಗೆ ಎರಡೂ ಕಡೆ ಎಳೆದಾಡುತ್ತಿದ್ದ ಆ ಕೆಲವು ವಾರಗಳಲ್ಲಿ ಅವರು ಬರೆದದ್ದು ಇಂಗ್ಲಿಷ್ ಕವಿತೆಯನ್ನಲ್ಲ, ಕನ್ನಡದಲ್ಲಿ ಒಂದು ನಾಟಕವನ್ನು. ತಂದೆಗಾಗಿ ಯೌವನವನ್ನೇ ಬಿಟ್ಟುಕೊಟ್ಟ ಮಗನ ಕಥೆಯನ್ನು. 1961ರಲ್ಲಿ ‘ಯಯಾತಿ’ ಪ್ರಕಟವಾಗುವಾಗ ಅದರ ಕರ್ತೃ ಆಕ್ಸ್‌ಫರ್ಡಿನ ವಿದ್ಯಾರ್ಥಿ. ಆದರೆ ಅಲ್ಲಿ ಕೂತು ಧಾರವಾಡದ ಕನಸು ಕಾಣುತ್ತಲೂ ಉಳಿಯಲಿಲ್ಲ. ಅಲ್ಲಿನ ಚರ್ಚಾಸಂಘವಾದ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರಾಗಿ 1963ರಲ್ಲಿ ಆಯ್ಕೆಯಾದರು. ಊರಿನ ಭಾಷೆಯಲ್ಲಿ ಬರೆಯುವುದಕ್ಕೂ ಪರಊರಿನ ಸಭೆಯಲ್ಲಿ ಎದ್ದು ನಿಂತು ಮಾತಾಡುವುದಕ್ಕೂ ಜಗಳವಿಲ್ಲ.

ಹಣದ ಮಾತನ್ನು ಬಿಡುವಂತಿಲ್ಲ. ಗೋಗಿ ನಿಜಾಮರ ರಾಜ್ಯದಲ್ಲಿದ್ದ ಕಾಲದಲ್ಲಿ, 1895ರಲ್ಲಿ, ಹೈದರಾಬಾದಿನ ಹದಿನಾರರ ಹುಡುಗಿಯೊಬ್ಬಳು ನಿಜಾಮರ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿನ ಕಿಂಗ್ಸ್ ಕಾಲೇಜಿಗೂ ಅನಂತರ ಕೇಂಬ್ರಿಜ್ಜಿನ ಗರ್ಟನ್ ಕಾಲೇಜಿಗೂ ಹೋದಳು. ಆಕೆ ಮುಂದೆ ಸರೋಜಿನಿ ನಾಯ್ಡು ಎಂದು ಹೆಸರಾದವರು. ಇಂದು ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ರಾಜ್ಯದ ಸಮಾಜ ಕಲ್ಯಾಣ ಇಲಾಖೆ ‘ಪ್ರಬುದ್ಧ’ ಯೋಜನೆಯನ್ನು ತಂದಿತು. ಯಾವ ಜಾತಿಯವರಾದರೂ ಅರ್ಜಿ ಹಾಕಬಹುದಾದ ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವೇತನ ಒಂದು ವರ್ಷದ ಸ್ನಾತಕೋತ್ತರ ಪದವಿಗೆಂದೇ ಇರುವಂಥದು, ಓದು ಮುಗಿಸಿ ಎರಡು ವರ್ಷ ಸ್ವದೇಶದಲ್ಲಿ ಇರಬೇಕೆಂಬ ಷರತ್ತು ಅದಕ್ಕಿದೆ. ಇವುಗಳ ಅರ್ಜಿ ಹೊರಡುವುದಕ್ಕೆ ಬಹಳ ಮುಂಚೆಯೇ ಹೋಗಬೇಕು. ಸಾಲ ಮಾಡಿ ಹೋದವರು ಹೋಟೆಲಿನಲ್ಲೋ ಗೋದಾಮಿನಲ್ಲೋ ದುಡಿಯುವುದು ಸಾಮಾನ್ಯ. ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಲು ಬ್ರಿಟನ್ನಿನ ವೀಸಾ ಪದವಿ ವಿದ್ಯಾರ್ಥಿಗೆ ಅವಕಾಶ ಕೊಡುವುದಿಲ್ಲ. ಆ ಮಿತಿಯನ್ನು ಕದ್ದು ಮೀರಿದವನು ವೀಸಾ ಒಂದನ್ನೇ ಅಲ್ಲ, ಸಾಲ ಮಾಡಿ ಕೊಂಡ ಹೊತ್ತನ್ನೂ ಪಣಕ್ಕಿಡುತ್ತಾನೆ. ಗಂಟೆಗಿಷ್ಟು ಎಂದು ಮಾರಿದ ಆ ಹೊತ್ತು ಅವನು ಗಂಟೆಗೆ ಎಷ್ಟು ಕೊಟ್ಟು ಕೊಂಡದ್ದು ಎಂದು ಒಮ್ಮೆ ಭಾಗಿಸಿ ನೋಡಿದರೆ ಸಾಕು.

ಸರೋಜಿನಿಯವರ ಕಥೆಯಲ್ಲಿ ಇನ್ನೊಂದು ಸಂಗತಿ ಇದೆ. ಲಂಡನ್ನಿನಲ್ಲಿ ಆಕೆ ತನ್ನ ಪದ್ಯಗಳನ್ನು ವಿಮರ್ಶಕ ಎಡ್ಮಂಡ್ ಗಾಸ್‌ಗೆ ತೋರಿಸಿದರು. ಪದ್ಯಗಳು ಅಚ್ಚುಕಟ್ಟು. ಆದರೆ ಅವುಗಳಲ್ಲಿ ಇದ್ದದ್ದು ಇಂಗ್ಲಿಷ್ ಹಕ್ಕಿಗಳು, ಇಂಗ್ಲಿಷ್ ಊರುಗಳು, ಇಂಗ್ಲಿಷ್ ಚರ್ಚಿನ ಗಂಟೆಗಳು. ಇವನ್ನೆಲ್ಲ ಬಿಟ್ಟು ನಿನ್ನ ನಾಡಿನ ಬೆಟ್ಟ, ಹೂವು, ಜನರನ್ನು ಬರೆ ಎಂದು ಗಾಸ್ ಹೇಳಿದರು. ಹದಿಹರೆಯದ ಹುಡುಗಿಗೆ ಆ ಮಾತು ಚುಚ್ಚಿದ್ದರೂ ಆಕೆ ಅದನ್ನು ಕೇಳಿದರು. ಪದವಿ ಪಡೆಯದೆ 1898ರಲ್ಲಿ ಮರಳಿದವರ ಕೈಯಲ್ಲಿ ಈ ಸಲಹೆ ಇತ್ತು. ಪರದೇಶಕ್ಕೆ ಹೋದವರು ಪರದೇಶದವರಂತೆ ಬರೆಯಲು ಕಲಿತರೆ ಅಲ್ಲಿನವರಿಗೇ ಅದು ಬೇಡ ಎಂಬುದು ಮೊದಲ ವರ್ಷದಲ್ಲೇ ತಿಳಿಯುವುದು ಅದೃಷ್ಟ. ಪ್ರಬಂಧದ ವಿಷಯ ಆರಿಸುವಾಗ ಇದು ಇಂದಿಗೂ ಉಪಯೋಗಕ್ಕೆ ಬರುತ್ತದೆ. ಕೃಷ್ಣಾ ಕಾಲುವೆಯ ನೀರು, ತೊಗರಿಯ ಬೆಲೆ, ಗೋಗಿಯ ಭೂಮಿಯೊಳಗೆ ಪತ್ತೆಯಾದ ಯುರೇನಿಯಂ ಅದಿರು ಮತ್ತು ಅದರ ಗಣಿಗಾರಿಕೆಗೆ ಊರಿನವರು ತೋರಿದ ವಿರೋಧ: ಇವುಗಳ ಬಗ್ಗೆ ಶಹಾಪುರದ ವಿದ್ಯಾರ್ಥಿಗೆ ಗೊತ್ತಿರುವಷ್ಟು ಅಲ್ಲಿನ ಪ್ರಾಧ್ಯಾಪಕನಿಗೆ ಗೊತ್ತಿರುವುದಿಲ್ಲ. ತರಗತಿಯಲ್ಲಿ ಅವನು ಬಡವನಲ್ಲದ ಜಾಗ ಅದೊಂದೇ ಇರಬಹುದು.

ಈ ಮಾತಿಗೆ ಕನ್ನಡದಲ್ಲಿ ಸಿಗುವ ದೊಡ್ಡ ಸಾಕ್ಷಿ ಯು.ಆರ್. ಅನಂತಮೂರ್ತಿಯವರದು. ತೀರ್ಥಹಳ್ಳಿ ತಾಲೂಕಿನ ಮೇಳಿಗೆಯವರಾದ ಅವರು ಅಧ್ಯಾಪಕರಾಗಿದ್ದವರು, ಕಥೆಗಾರರೆಂದು ಹೆಸರು ಮಾಡಿದ್ದವರು. 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋದರು. 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯ ಅವರ ಸಂಶೋಧನೆಯ ವಿಷಯ. ಅವರಿಗೆ ಅಲ್ಲಿ ಅಧ್ಯಾಪಕರಾಗಿ ಸಿಕ್ಕವರು ಕಾದಂಬರಿಕಾರ ಮಾಲ್ಕಮ್ ಬ್ರಾಡ್‌ಬರಿ. ವಯಸ್ಸಿನಲ್ಲಿ ಹೆಚ್ಚುಕಡಿಮೆ ಓರಗೆಯವರು. ಒಂದು ಸಂಜೆ ಇಬ್ಬರೂ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ ‘ದ ಸೆವೆಂತ್ ಸೀಲ್’ ಚಿತ್ರ ನೋಡಲು ಹೋದರು. ಪರದೆಯ ಕೆಳಗೆ ಇಂಗ್ಲಿಷ್ ಅಕ್ಷರಗಳಿರಲಿಲ್ಲ; ಮಾತು ಪೂರಾ ಸ್ವೀಡಿಷ್. ಅರ್ಧ ಅರ್ಥವಾಗಿ ಅರ್ಧ ಅರ್ಥವಾಗದ ಆ ಚಿತ್ರದಲ್ಲಿ ಮಧ್ಯಯುಗದ ಯೂರೋಪು, ಊರೂರಿಗೆ ಹಬ್ಬುವ ಪ್ಲೇಗು, ದೇವರನ್ನು ಪ್ರಶ್ನಿಸುವ ಒಬ್ಬ ಯೋಧ. ಯೂರೋಪಿನವನು ತನ್ನ ಮಧ್ಯಯುಗವನ್ನು ಪುಸ್ತಕ ಓದಿ ಕಟ್ಟಿಕೊಳ್ಳಬೇಕು, ಭಾರತದಲ್ಲಾದರೆ ಅದು ಇಂದಿನ ದಿನದ ಪಕ್ಕದಲ್ಲೇ ಬದುಕಿದೆ ಎಂಬ ಮಾತು ಇಬ್ಬರ ನಡುವೆ ಬಂತು. ಹಾಗಿದ್ದರೆ ಅದನ್ನೇ ಏಕೆ ಬರೆಯಬಾರದು? ಅನಂತಮೂರ್ತಿ ಬರೆಯತೊಡಗಿದರು. ಪ್ಲೇಗಿನಿಂದ ಸತ್ತ ನಾರಣಪ್ಪನ ಹೆಣ, ಅದಕ್ಕೆ ಸಂಸ್ಕಾರ ಮಾಡುವವರು ಯಾರೆಂದು ಕೂತ ದೂರ್ವಾಸಪುರದ ಅಗ್ರಹಾರ, ಉತ್ತರ ಹುಡುಕಿ ಹೊರಟು ತನ್ನನ್ನೇ ಕಳೆದುಕೊಳ್ಳುವ ಪ್ರಾಣೇಶಾಚಾರ್ಯ. ಕನ್ನಡ ಕಿವಿಗೆ ಬೀಳದ ಊರಿನಲ್ಲಿ ಬರೆದ ‘ಸಂಸ್ಕಾರ’ 1965ರಲ್ಲಿ ಪ್ರಕಟವಾಯಿತು. ಮುಂದಿನ ವರ್ಷ ಅವರಿಗೆ ಪಿಎಚ್.ಡಿ. ಬಂತು.

ಈ ಪ್ರಸಂಗವನ್ನು ಸಾಹಿತ್ಯದವರು ಬೇಕಾದಷ್ಟು ಸಲ ಹೇಳಿದ್ದಾರೆ. ವಿದ್ಯಾರ್ಥಿಯ ಕಣ್ಣಿನಿಂದ ನೋಡಿದರೆ ಅದರಲ್ಲಿ ಬೇರೆ ಕೆಲವು ಸಂಗತಿಗಳು ಕಾಣುತ್ತವೆ. ಅವರು ಗುರುವಿನ ಜೊತೆ ಸಿನಿಮಾಕ್ಕೆ ಹೋದರು. ನಮ್ಮ ಕಾಲೇಜುಗಳಲ್ಲಿ ಅಧ್ಯಾಪಕರ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತು ರೂಢಿಯಾದವರಿಗೆ, ಬ್ರಿಟನ್ನಿನ ಅಧ್ಯಾಪಕ ತನ್ನ ಹೆಸರು ಹಿಡಿದು ಕರೆ ಎಂದಾಗ ನಾಲಿಗೆ ಏಳುವುದಿಲ್ಲ. ವಾರದಲ್ಲಿ ಇಂತಿಷ್ಟು ಗಂಟೆ ವಿದ್ಯಾರ್ಥಿಗಳಿಗೆ ಎಂದು ಅವರು ಬಾಗಿಲ ಮೇಲೆ ಬರೆದು ಹಾಕಿರುತ್ತಾರೆ. ಅದು ಉಪಚಾರದ ಮಾತಲ್ಲ. ಶುಲ್ಕದಲ್ಲಿ ಸೇರಿದ ಹಕ್ಕು. ಆ ಹೊತ್ತಿನಲ್ಲಿ ಒಂದು ಪ್ರಶ್ನೆ ಹಿಡಿದು ಹೋಗುವವನನ್ನು ಅಧ್ಯಾಪಕ ನೆನಪಿಡುತ್ತಾನೆ, ಮುಂದೆ ಶಿಫಾರಸು ಪತ್ರ ಬರೆಯುವಾಗ ಬರೆಯಲು ಅವನಿಗೆ ಏನಾದರೂ ಇರುತ್ತದೆ. ಇನ್ನೊಂದು: ಅನಂತಮೂರ್ತಿ ಕಾದಂಬರಿಗಾಗಿ ಪ್ರಬಂಧವನ್ನು ಬಿಡಲಿಲ್ಲ, ಪ್ರಬಂಧಕ್ಕಾಗಿ ಕಾದಂಬರಿಯನ್ನೂ ಬಿಡಲಿಲ್ಲ. ಅವರಿಗೆ ಮೂರು ವರ್ಷ ಸಿಕ್ಕಿತ್ತು ಎಂಬುದೂ ನಿಜ. ಒಂದೇ ವರ್ಷ ಇರುವವರು ಎರಡನೆಯದನ್ನು ಚಿಕ್ಕದಾಗಿ ಇಟ್ಟುಕೊಳ್ಳಬೇಕು. ಆದರೆ ಎರಡನೆಯದೊಂದು ಇರಬೇಕು.

ಜೊತೆಗಾರರ ಪ್ರಶ್ನೆ ಸೂಕ್ಷ್ಮವಾದದ್ದು. ಬೀದರಿನ ಆಫಾಕಿಗಳು ತಮ್ಮಲ್ಲೇ ತಾವು ಗುಂಪು ಕಟ್ಟಿಕೊಂಡರು, ಇಲ್ಲಿನವರು ದಖನಿಗಳೆಂದು ಇನ್ನೊಂದು ಗುಂಪಾದರು. ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿಗಳ ಮಂತ್ರಿಯಾದ ಮಹಮೂದ್ ಗವಾನ್ ಬೀದರಿನಲ್ಲಿ ಕಟ್ಟಿಸಿದ ಮದರಸಾ 1472ರಲ್ಲಿ ಮುಗಿಯಿತು. ಆ ಕಾಲಕ್ಕೆ ಅದೇ ನಮ್ಮ ಕಡೆಯ ವಿದೇಶಿ ವಿಶ್ವವಿದ್ಯಾಲಯ. ಕವಿ ಜಾಮಿಗೂ ಆಹ್ವಾನ ಹೋಗಿತ್ತು. ಅವನು ಬರಲಿಲ್ಲ, ಪತ್ರ ಬರೆದ. ಎರಡು ಗುಂಪುಗಳನ್ನೂ ಸರಿದೂಗಿಸಲು ಗವಾನ್ ಬಹಳ ಪ್ರಯತ್ನಪಟ್ಟ. ಕೊನೆಗೆ ಆ ಜಗಳವೇ 1481ರಲ್ಲಿ ಅವನ ತಲೆ ತೆಗೆಸಿತು. ಗೋಗಿಯಲ್ಲಿ ಮಲಗಿರುವ ಇನ್ನೊಬ್ಬ ಅರಸ, ಯೂಸುಫನ ಮೊಮ್ಮಗ ಒಂದನೆಯ ಇಬ್ರಾಹಿಂ, ಪಟ್ಟಕ್ಕೆ ಬಂದೊಡನೆ ಪರದೇಶಿ ಸರದಾರರಲ್ಲಿ ಬಹುಮಂದಿಯನ್ನು ಕೆಲಸದಿಂದ ತೆಗೆದು, ಲೆಕ್ಕಪತ್ರಗಳಲ್ಲಿ ಪಾರ್ಸಿಯ ಜಾಗಕ್ಕೆ ದೇಶಭಾಷೆಯನ್ನು ತಂದ. ಪರದೇಶದಿಂದ ಬಂದ ಮನೆತನ ಇಲ್ಲಿನದಾಗಲು ಎರಡು ತಲೆಮಾರು ಹಿಡಿಯಿತು. ಒಂದು ವರ್ಷಕ್ಕೆ ಹೋದವರಿಗೆ ಅಷ್ಟು ಪುರಸೊತ್ತಿಲ್ಲ.

ಇಂದಿನ ವಿದ್ಯಾರ್ಥಿ ಆರು ಜನ ಭಾರತೀಯರ ಮನೆಯಲ್ಲಿ ಕೋಣೆ ಹಿಡಿದು, ಅವರೊಡನೆಯೇ ಅಡುಗೆ ಮಾಡಿ, ಅವರೊಡನೆಯೇ ಕೆಲಸಕ್ಕೆ ಹೋಗಿ, ವರ್ಷ ಮುಗಿದಾಗ ಇಂಗ್ಲೆಂಡಿನ ಒಂದು ಮನೆಯ ಒಳಗೂ ಕಾಲಿಡದೆ ಮರಳಬಹುದು. ಬಾಡಿಗೆ ಉಳಿಯುತ್ತದೆ, ಜ್ವರ ಬಂದರೆ ಗಂಜಿ ಕಾಯಿಸಿ ಕೊಡುವವರಿರುತ್ತಾರೆ. ಇದನ್ನು ತುಚ್ಛವಾಗಿ ಕಾಣುವವರು ಜ್ವರ ಬರಿಸಿಕೊಂಡಿಲ್ಲ ಅಷ್ಟೆ. ಬ್ರಿಟನ್ನಿನಲ್ಲಿ ಕನ್ನಡ ಬಳಗವಿದೆ. ಲಂಡನ್ನಿನ ಲ್ಯಾಂಬೆತ್‌ನಲ್ಲಿ, ಥೇಮ್ಸ್ ನದಿಯ ದಂಡೆಯಲ್ಲಿ, 2015ರ ನವೆಂಬರಿನಿಂದ ಬಸವಣ್ಣನವರ ಪ್ರತಿಮೆಯೂ ಇದೆ. ಮನಸ್ಸು ಕುಸಿದ ದಿನ ಅಲ್ಲಿಗೆ ಹೋಗಿ ನಿಂತು ಬರುವುದರಲ್ಲಿ ತಪ್ಪಿಲ್ಲ. ಆದರೆ ವಾರದಲ್ಲಿ ಒಂದು ಸಂಜೆಯಾದರೂ ತನ್ನವರಲ್ಲದವರ ನಡುವೆ ಕಳೆಯಬೇಕು. ಅಂಬೇಡ್ಕರರು ಬರೋಡದ ಮಹಾರಾಜರ ವೇತನದ ಮೇಲೆ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದಾಗ ಅವರ ಜೊತೆಗಾರರಾದವರು ನವಲ್ ಭಾತೇನಾ ಎಂಬ ಪಾರ್ಸಿ. ಇಬ್ಬರೂ ಭಾರತದವರೇ; ಆದರೆ ಭಾರತದಲ್ಲೇ ಉಳಿದಿದ್ದರೆ ಆ ಇಬ್ಬರೂ ಒಂದೇ ಸೂರಿನಡಿ ಇರುವುದು ಸುಲಭವಿರಲಿಲ್ಲ. ಆ ಗೆಳೆತನ ಬಾಳಿನುದ್ದಕ್ಕೂ ಉಳಿಯಿತು. ಅರ್ಧಕ್ಕೆ ನಿಂತ ಓದನ್ನು ಮುಗಿಸಲು 1920ರಲ್ಲಿ ಅಂಬೇಡ್ಕರರು ಮತ್ತೆ ಲಂಡನ್ನಿಗೆ ಹೊರಟಾಗ ಸಾಲ ಕೊಟ್ಟವರು ಅದೇ ಭಾತೇನಾ.

ಹೊಸ ಊರನ್ನು ಕಾಲಿನಿಂದ ನೋಡಬೇಕು. ಗೋಗಿಯ ನೆರೆಯ ಸುರಪುರದಲ್ಲಿ 1841ರಿಂದ 1853ರ ತನಕ ಬಾಲರಾಜನ ಪರವಾಗಿ ಆಡಳಿತ ನೋಡಿಕೊಂಡ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಬಿಡುವು ಸಿಕ್ಕಾಗ ಸುಮ್ಮನೆ ಕೂರಲಿಲ್ಲ. ಸುತ್ತಲಿನ ಹೊಲಗಳಲ್ಲಿ, ಗುಡ್ಡಗಳಲ್ಲಿ ಬಿದ್ದಿದ್ದ ಸಾವಿರಾರು ವರ್ಷ ಹಿಂದಿನ ಬಂಡೆ ಸಮಾಧಿಗಳನ್ನು ಅಳೆದ, ಚಿತ್ರ ಬರೆದ, ಲೇಖನ ಪ್ರಕಟಿಸಿದ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನಿಲ್ಲಿಸಿದ ಬಂಡೆಗಳನ್ನು ಊರಿನವರು ತಲೆತಲಾಂತರದಿಂದ ಕಂಡಿದ್ದರು, ಕಂಡದ್ದರಿಂದಲೇ ನೋಡಿರಲಿಲ್ಲ. ಪರಕೀಯನಿಗೆ ಇರುವ ಒಂದೇ ಲಾಭವೆಂದರೆ ಅವನಿಗೆ ಯಾವುದೂ ಅಭ್ಯಾಸವಾಗಿರುವುದಿಲ್ಲ. ಈ ಲಾಭಕ್ಕೆ ಅವಧಿ ಇದೆ. ಮೊದಲ ಮೂರು ತಿಂಗಳು ವಿಚಿತ್ರವಾಗಿ ಕಂಡದ್ದು ನಾಲ್ಕನೆಯ ತಿಂಗಳಿಗೆ ಕಣ್ಣಿಗೆ ಬೀಳುವುದೇ ಇಲ್ಲ. ಕಂಡೊಡನೆ ಬರೆದಿಡದಿದ್ದರೆ ಹೋಯಿತು.

ವಿ.ಕೃ. ಗೋಕಾಕರು ಇದನ್ನು ಅರಿತಿದ್ದರು. 1936ರಿಂದ 1938ರ ತನಕ ಆಕ್ಸ್‌ಫರ್ಡಿನಲ್ಲಿ ಓದಿ ಮೊದಲ ದರ್ಜೆ ಪಡೆದ ಅವರು, ಹಡಗಿನ ದಿನಗಳನ್ನೂ ವ್ಯರ್ಥ ಮಾಡಲಿಲ್ಲ. ಆ ಪಯಣದಿಂದ ‘ಸಮುದ್ರಗೀತೆಗಳು’ ಬಂದವು. ‘ಸಮುದ್ರದಾಚೆಯಿಂದ’ ಎಂಬ ಪ್ರವಾಸ ಕಥನ ಬಂತು. ಆಗ ಮನೆಯ ಪತ್ರ ಮುಟ್ಟಲು ವಾರಗಳು ಬೇಕಿದ್ದವು. ಒಂದು ಪತ್ರದಲ್ಲಿ ಹದಿನೈದು ದಿನದ ಬದುಕನ್ನು ಆರಿಸಿ, ಜೋಡಿಸಿ ಹೇಳಬೇಕಿತ್ತು. ಈಗ ದಿನಕ್ಕೆರಡು ಸಲ ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡಬಹುದು. ಊಟವಾಯಿತೇ, ಚಳಿ ಇದೆಯೇ ಎಂದು ಕೇಳುವಷ್ಟರಲ್ಲಿ ಮಾತು ಮುಗಿಯುತ್ತದೆ. ತಾಯಿಗೆ ಅದರಿಂದ ನೆಮ್ಮದಿ, ಸರಿ. ಆದರೆ ಮಗ ಕಂಡದ್ದೇನು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ, ವರ್ಷ ಕಳೆದ ಮೇಲೆ ಮಗನಿಗೂ. ಭಾನುವಾರಕ್ಕೊಂದು ಉದ್ದನೆಯ ಪತ್ರ ಬರೆದು ಊರಿನ ಯಾರಿಗಾದರೂ ಕಳಿಸುವ ಹಳೆಯ ಪದ್ಧತಿಗೆ ಖರ್ಚೂ ಇಲ್ಲ.

ಚಳಿಗಿಂತ ಕತ್ತಲು ಹೆಚ್ಚು ಕಾಡುತ್ತದೆ ಎಂಬುದನ್ನು ಯಾವ ಪುಸ್ತಿಕೆಯೂ ಒತ್ತಿ ಹೇಳುವುದಿಲ್ಲ. ಗೋಗಿಯಲ್ಲಿ ವರ್ಷದ ಅತಿ ಸಣ್ಣ ಹಗಲೂ ಸುಮಾರು 11 ಗಂಟೆಯದು. ಬರ್ಮಿಂಗ್‌ಹ್ಯಾಮಿನಲ್ಲಿ ಡಿಸೆಂಬರ್ ಕೊನೆಯ ಹಗಲು 8 ಗಂಟೆಗೂ ಕಡಿಮೆ. ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನದ ತನಕ ಮಲಗಿದವನಿಗೆ ಬೆಳಕು ಸಿಗುವುದೇ ಎರಡು ಮೂರು ಗಂಟೆ. ಮನೆಯ ನೆನಪು, ಮೊದಲ ಅಂಕಪಟ್ಟಿಯ ನಿರಾಶೆ, ಕ್ರಿಸ್‌ಮಸ್ಸಿಗೆ ಊರೆಲ್ಲ ಬಾಗಿಲು ಹಾಕಿಕೊಳ್ಳುವುದು ಎಲ್ಲವೂ ಆಗಲೇ ಒಟ್ಟಿಗೆ ಬರುತ್ತವೆ. ಬೆಳಗ್ಗೆ ಎದ್ದು ಬೆಳಕಿರುವಾಗ ನಡೆದಾಡುವುದು, ರಜೆಗೆ ಯಾರ ಜೊತೆ ಇರುವುದೆಂದು ನವೆಂಬರಿನಲ್ಲೇ ಗೊತ್ತು ಮಾಡಿಕೊಳ್ಳುವುದು, ಮನಸ್ಸು ತೀರಾ ಕುಗ್ಗಿದರೆ ನಾಚಿಕೊಳ್ಳದೆ ವಿಶ್ವವಿದ್ಯಾಲಯದ ಆಪ್ತಸಲಹೆಗಾರರ ಬಳಿ ಹೋಗುವುದು, ಇವು ಸಣ್ಣ ಮಾತುಗಳಲ್ಲ.

ಆ ಕತ್ತಲ ತಿಂಗಳುಗಳಲ್ಲಿ ಬೆಚ್ಚಗಿರುವ ಜಾಗ ಗ್ರಂಥಾಲಯ. ಬೇಕಾದ ಪುಸ್ತಕವನ್ನು ಕಂಪ್ಯೂಟರಿನಲ್ಲಿ ಹುಡುಕಿ, ಎತ್ತಿಕೊಂಡು ಬರುವುದು ಗ್ರಂಥಾಲಯದ ಅರ್ಧ ಉಪಯೋಗ. ಇನ್ನರ್ಧ, ಹುಡುಕದೆ ಸಿಗುವುದು. ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ವೇತನದ ಮೇಲೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಭಾಷಾಶಾಸ್ತ್ರ ಓದಲು ಹೋದವರು. 1962ರಲ್ಲಿ, ಪಿಎಚ್.ಡಿ. ಇನ್ನೂ ಕೈಗೆ ಬಾರದಿದ್ದಾಗ, ಒಂದು ಶನಿವಾರ ಷಿಕಾಗೋ ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಗೆ ಹಳೆಯ ತಮಿಳಿನ ವ್ಯಾಕರಣವೊಂದನ್ನು ಹುಡುಕಿಕೊಂಡು ಇಳಿದರು. ಅಲ್ಲಿ ಅವರ ಕೈಗೆ ಬಂದದ್ದು ಸಂಗಂ ಕಾಲದ ಕವಿತೆಗಳ ಸಂಕಲನ ‘ಕುರುಂದೊಗೈ’. ಮನೆಮಾತೇ ತಮಿಳಾಗಿದ್ದವರಿಗೆ ಆ ಎರಡು ಸಾವಿರ ವರ್ಷದ ಹಿಂದಿನ ಕವಿತೆಗಳು ಷಿಕಾಗೋದಲ್ಲಿ ಎದುರಾದವು. ಅವರ ಇಂಗ್ಲಿಷ್ ಅನುವಾದ 1967ರಲ್ಲಿ ಹೊರಬಂತು. ಬರ್ಮಿಂಗ್‌ಹ್ಯಾಮಿನಲ್ಲಿ ಬರೆದ ‘ಸಂಸ್ಕಾರ’ವನ್ನು 1976ರಲ್ಲಿ ಇಂಗ್ಲಿಷಿಗೆ ತಂದವರೂ ಇದೇ ರಾಮಾನುಜನ್.

ಇನ್ನು ಮರಳುವ ಮಾತು. ಗೌರಿಬಿದನೂರು ಕಡೆಯ ಹೊಸೂರಿನ ಎಚ್. ನರಸಿಂಹಯ್ಯನವರು ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಹತ್ತು ವರ್ಷ ಪಾಠ ಹೇಳಿದ ಮೇಲೆ, 1957ರಲ್ಲಿ, 37ರ ವಯಸ್ಸಿನಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿಯಾಗಿ ಹೋದರು. ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದು 1960ರಲ್ಲಿ ಅದೇ ಕಾಲೇಜಿಗೆ, ಹಾಸ್ಟೆಲಿನ ಅದೇ ಸರಳ ಬದುಕಿಗೆ ಮರಳಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರುವಾಯಿತು. ವಿಜ್ಞಾನಿಗಳು ಬಂದು ಸಾಮಾನ್ಯ ಜನರೆದುರು ನಿಂತು ಮಾತಾಡಬೇಕು, ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕು, ಪ್ರವೇಶಕ್ಕೆ ದುಡ್ಡಿಲ್ಲ. ಅಲ್ಲಿ ಕೂತು ಕೇಳಿದವರಲ್ಲಿ ಎಷ್ಟೋ ಜನ ವಿಮಾನವನ್ನೇ ಹತ್ತಿದವರಲ್ಲ.

ಹೊರಡುವ ಕೊನೆಯ ತಿಂಗಳು ಗಡಿಬಿಡಿಯದು. ಮನೆಯ ಠೇವಣಿ ಮರಳಿ ಪಡೆಯಬೇಕು, ಬ್ಯಾಂಕಿನ ಖಾತೆ ಮುಚ್ಚಬೇಕು, ಅಂಕಪಟ್ಟಿಗೆ ಮೊಹರು ಹಾಕಿಸಬೇಕು, ಅಧ್ಯಾಪಕರನ್ನು ಕಂಡು ಶಿಫಾರಸಿನ ಮಾತು ಆಡಬೇಕು. ಬರೆದದ್ದರ ಪ್ರತಿಯನ್ನು ಎರಡು ಕಡೆ ಇಟ್ಟುಕೊಳ್ಳುವುದನ್ನು ಮಾತ್ರ ಮರೆಯಬಾರದು. 1917ರಲ್ಲಿ, ಮೊದಲ ಮಹಾಯುದ್ಧದ ನಡುವೆ ಅಂಬೇಡ್ಕರರು ಲಂಡನ್ನಿನಿಂದ ಮರಳಿದಾಗ ಅವರು ಒಂದು ಹಡಗಿನಲ್ಲಿ ಬಂದರು, ಸಾಮಾನು ಇನ್ನೊಂದರಲ್ಲಿ ಬರುತ್ತಿತ್ತು. ಅವರು ಮುಂಬಯಿ ಮುಟ್ಟಿದರು. ನ್ಯೂಯಾರ್ಕಿನಲ್ಲೂ ಲಂಡನ್ನಿನಲ್ಲೂ ಹೊಟ್ಟೆ ಕಟ್ಟಿ ಕೊಂಡ ಪುಸ್ತಕಗಳನ್ನು ಹೊತ್ತ ಹಡಗು ಟಾರ್ಪಿಡೊ ಏಟಿಗೆ ಸಿಕ್ಕಿ ಸಮುದ್ರದ ತಳ ಸೇರಿತು.